ಅಳಿಯಕಟ್ಟಿನ ರೇಜರು

ಹೋದ ತಿಂಗಳು ಉಡುಪಿಯಿಂದ ಕಾರ್ಕಳಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಾಬು ಬಂದು ಕುಳಿತ. ಕೆಮ್ಮಣ್ಣಿನವನು, ಎಪ್ಪತ್ತರ ದಶಕದಲ್ಲಿ ನನ್ನ ಹಾಗೆಯೇ ಅದೇ ಲೈನಿನ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಆ ಸುದ್ದಿ ಈ ಸುದ್ದಿ ಆಗಿ ಮಾತು ನನ್ನ ಮಾವನ ಕಡೆಗೆ ತಿರುಗಿತು. ಮಾವ ಎಂದರೆ ನನ್ನ ತಾಯಿಯ ಅಣ್ಣ. ನಮ್ಮ ಕಂಪೆನಿಯ ಚೆಕ್ಕಿಂಗ್ ಇನ್ಸ್‌ಪೆಕ್ಟರು. ಅವರ ಹೆಸರು ನನ್ನ ಬಾಯಿಯಿಂದ ಬಿದ್ದದ್ದೇ ತಡ, ಬಾಬುವಿನ ಕೈ ಸೀದಾ ಅವನ ಕೆನ್ನೆಗೆ ಹೋಯಿತು. ಗಡ್ಡ ಉಂಟೋ ಇಲ್ಲವೋ ಎಂದು ತಡವಿ ನೋಡಿಕೊಂಡ. ಮಾವ ಸತ್ತು ಎಷ್ಟೋ ಮಳೆಗಾಲ ಕಳೆದಿವೆ. "ಅಭ್ಯಾಸ ಮಾರಾಯ, ಎಂತ ಮಾಡುವುದು," ಎಂದು ಬೊಚ್ಚುಬಾಯಿ ಬಿಟ್ಟು ನಕ್ಕ.

ಸತ್ತ ಮನುಷ್ಯನಿಗೆ ಹೆದರಿ ಕೆನ್ನೆ ಮುಟ್ಟಿಕೊಳ್ಳುವವರು ನಮ್ಮ ಕಡೆ ಇನ್ನೂ ಕೆಲವರು ಇದ್ದಾರೆ. ಇದಕ್ಕಿಂತ ದೊಡ್ಡ ಸ್ಮಾರಕವನ್ನು ಮಾವನಿಗೆ ಯಾರೂ ಕಟ್ಟಿಸಲಿಲ್ಲ, ಕಟ್ಟಿಸುವ ಅಗತ್ಯವೂ ಇಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕಾಗುತ್ತದೆ, ಅದು ಮರ್ಯಾದೆ. ನನಗೆ ಒಂದು ಮಾತ್ರ ಸಿಕ್ಕಿತು: ಅವರ ಮುಖ ಯಾವಾಗಲೂ ನುಣ್ಣಗಿರುತ್ತಿತ್ತು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಎಂದು ಊರೆಲ್ಲ ಗಡ್ಡ ಬಿಟ್ಟುಕೊಂಡು ತಿರುಗುವ ದಿನವೂ ಅವರ ಮುಖ ಆಗಷ್ಟೇ ತೊಳೆದಿಟ್ಟ ಪಿಂಗಾಣಿ ಬಸಿಯಂತೆ ಹೊಳೆಯುತ್ತಿತ್ತು. ತಾನು ಹಾಗೆ ಇರುತ್ತೇನೆ ಎಂದ ಮೇಲೆ ಉಳಿದವರೂ ಹಾಗೇ ಇರಬೇಕು. ಇರದಿದ್ದರೆ ಅವರ ಜನ್ಮ ಜಾಲಾಡುವ ಹಕ್ಕು ತನಗುಂಟು ಎಂದು ಮಾವ ತಿಳಿದಿದ್ದರು.

ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ನಾವು ಕಂಡಕ್ಟರುಗಳೆಲ್ಲ ಉಡುಪಿ ಬಸ್‌ಸ್ಟ್ಯಾಂಡಿನ ಟೈಮ್ ಆಫೀಸಿನ ಮುಂದೆ ಸಾಲಾಗಿ ನಿಲ್ಲಬೇಕಿತ್ತು. "ಬ್ಲೇಡ್ ಬಂತು" ಎಂದು ಯಾರಾದರೂ ಪಿಸುಗುಟ್ಟುತ್ತಿದ್ದರು. ಬ್ಲೇಡ್ ಎಂದರೆ ಮಾವ. ಬಂದವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೆರಳುಗಳ ಹಿಂಬದಿಯಿಂದ ಒಬ್ಬೊಬ್ಬನ ಕೆನ್ನೆಯನ್ನು ಕೆಳಗಿನಿಂದ ಮೇಲಕ್ಕೆ ಸವರುತ್ತ ಹೋಗುತ್ತಿದ್ದರು. ಬೆರಳಿಗೆ ಸ್ವಲ್ಪ ತರಿ ಸಿಕ್ಕಿದರೂ ಸಾಕು, ಅವನಿಗೆ ಆ ದಿನ ಡ್ಯೂಟಿ ಇಲ್ಲ. ನಾನು ತಂಗಿಯ ಮಗ ಎಂದು ನನಗೇನೂ ರಿಯಾಯಿತಿ ಇರಲಿಲ್ಲ. ಒಂದು ಸಲ ನನ್ನ ಕಿವಿಯ ಕೆಳಗೆ ಏನೋ ಸಿಕ್ಕಿತೆಂದು ಇಡೀ ಸಾಲಿನ ಎದುರು, "ಇವನ ಅಮ್ಮ ಹೀಗೆಯೇ ಅಂಗಳ ಗುಡಿಸುವುದು. ನಡು ಮಾತ್ರ, ಮೂಲೆ ಬಾಕಿ," ಎಂದಿದ್ದರು. ನಕ್ಕವರನ್ನೂ ಬಿಡಲಿಲ್ಲ.

ಡ್ರೈವರ್ ಹಸನಬ್ಬರ ಗಡ್ಡವನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಯಾರೋ ಧೈರ್ಯ ಮಾಡಿ ಅದನ್ನು ಕೇಳಿದ್ದಕ್ಕೆ, "ಅದು ಅವರ ದೇವರಿಗೆ ಬಿಟ್ಟ ಗಡ್ಡ. ನಿಮ್ಮದು ಸೋಮಾರಿತನಕ್ಕೆ ಬಿಟ್ಟದ್ದು," ಎಂದರು. ಹಸನಬ್ಬರು ಗೇರ್ ಹಾಕುತ್ತ, "ಈ ಮನುಷ್ಯ ನನಗೆ ಮರ್ಯಾದೆ ಕೊಟ್ಟದ್ದೋ, ನಿಮಗೆ ಬೈಯಲಿಕ್ಕೆ ನನ್ನನ್ನು ಉಪಯೋಗಿಸಿದ್ದೋ, ಒಂದೂ ಗೊತ್ತಾಗುವುದಿಲ್ಲ," ಎಂದಿದ್ದರು.

ಬಾಬುವಿನ ಹೆಂಡತಿ ಚೊಚ್ಚಲ ಬಸುರಿ. ಹೆಂಡತಿ ಬಸುರಿ ಇರುವಾಗ ಗಂಡ ಗಡ್ಡ ಮೀಸೆಗೆ ಕತ್ತಿ ತಾಗಿಸುವುದಿಲ್ಲ, ಅದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಅವನು ನಾಲ್ಕು ದಿನದ ರಜೆ ಮುಗಿಸಿ, ಗಡ್ಡ ಬಿಟ್ಟುಕೊಂಡು ಬಂದು ಸಾಲಿನಲ್ಲಿ ನಿಂತ. ಮಾವನ ಕೈ ಅವನ ಕೆನ್ನೆಯ ಮೇಲೆ ನಿಂತೇಬಿಟ್ಟಿತು.

"ಎಂತ ಇದು?"

"ಮನೆಯಲ್ಲಿ ಹೆಂಗಸು ತುಂಬು ಬಸುರಿ ಸರ್."

"ಹೆರುವುದು ಅವಳಾ ನೀನಾ?"

"ಅವಳೇ ಸರ್."

"ಹಾಗಾದರೆ ಗಡ್ಡ ಅವಳು ಬಿಡಲಿ."

ಬಾಬು ಆ ದಿನ ಸಾರ್ವಜನಿಕ ನಲ್ಲಿಯ ಬಳಿ ಕುಳಿತು, ಯಾರದೋ ಬ್ಲೇಡಿನಿಂದ, ಸೋಪು ಕೂಡ ಇಲ್ಲದೆ ಗಡ್ಡ ಕೆರೆದುಕೊಂಡ. ಹುಟ್ಟಿದ ಮಗು ಹನ್ನೆರಡನೆಯ ದಿನವನ್ನೂ ಕಾಣಲಿಲ್ಲ. ಗಡ್ಡಕ್ಕೂ ಮಗುವಿಗೂ ಸಂಬಂಧ ಇಲ್ಲ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಬಾಬುವಿನ ಹೆಂಡತಿಗೆ ಅದನ್ನು ಹೇಳುವವರು ಯಾರು? ಮಾವನಿಗೆ ಸುದ್ದಿ ಮುಟ್ಟಿಸಿದಾಗ ಅವರು "ರಜೆ ಬೇಕಂತಾ?" ಎಂದು ಕೇಳಿದರು.

ಇನ್ನು ಆ ರೇಜರಿನ ವಿಷಯ. ಶೇವಿಂಗ್ ಸೆಟ್ಟು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹಿತ್ತಾಳೆಗೆ ಬೆಳ್ಳಿಯ ನೀರು ಕುಡಿಸಿದ ಭಾರದ ವಸ್ತು. ಹಿಡಿದು ಹಿಡಿದು ಹಿಡಿಯಲ್ಲಿ ಬೆಳ್ಳಿ ಹೋಗಿ ಹಳದಿ ಕಾಣುತ್ತಿತ್ತು. ಹಿಡಿಯ ಬುಡವನ್ನು ತಿರುಗಿಸಿದರೆ ತಲೆಯ ಎರಡು ರೆಕ್ಕೆಗಳು ಬಾಗಿಲಿನ ಹಾಗೆ ಮೇಲೇಳುತ್ತಿದ್ದವು. ಒಳಗೆ ಬ್ಲೇಡ್ ಇಟ್ಟು ಇನ್ನೊಂದು ಕಡೆಗೆ ತಿರುಗಿಸಿದರೆ ಕಟ್ ಎಂದು ಮುಚ್ಚಿಕೊಳ್ಳುತ್ತಿದ್ದವು. ಮಾವನ ಸೋದರಮಾವ ಕರಾಚಿಯಲ್ಲಿ ಒಬ್ಬ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದರಂತೆ. ದೊರೆ ತನ್ನ ದೇಶಕ್ಕೆ ಹೊರಡುವಾಗ ಅದನ್ನು ಕೊಟ್ಟನಂತೆ. "ಕೊಟ್ಟದ್ದೋ ಇವರು ಎತ್ತಿದ್ದೋ, ದೊರೆಯನ್ನೇ ಕೇಳಬೇಕು," ಎನ್ನುತ್ತಿದ್ದರು ನನ್ನ ತಾಯಿ. ಆ ಮಾವನಿಂದ ಅಳಿಯನಾದ ನನ್ನ ಮಾವನಿಗೆ ಅದು ಬಂತು.

ನಮ್ಮದು ಅಳಿಯಕಟ್ಟಿನ ಕುಟುಂಬ. ಆಸ್ತಿ ಮಾವನಿಂದ ತಂಗಿಯ ಮಗನಿಗೆ ಹೋಗುವುದು, ಅಪ್ಪನಿಂದ ಮಗನಿಗಲ್ಲ. ಗಂಡಸಿಗೆ ಮನೆ ಎಂದರೆ ತಾಯಿಯ ಮನೆ, ಮಕ್ಕಳು ಹೆಂಡತಿಯ ಮನೆಯವರು. ಇದೆಲ್ಲ ಹಳೆಯ ಕಾಲದ ಕ್ರಮ. ಕಾನೂನು ಯಾವತ್ತೋ ಬದಲಾಗಿತ್ತು, ನಮ್ಮವರೂ ಬದಲಾಗಿದ್ದರು. ದುಡಿದ ಅಪ್ಪಂದಿರು ದುಡಿದದ್ದನ್ನು ಮಕ್ಕಳಿಗೇ ಕೊಡುತ್ತಿದ್ದರು. ಮಾವನಿಗೂ ಅದು ಗೊತ್ತಿಲ್ಲದ್ದಲ್ಲ. ಆದರೆ ಹೆಂಡತಿ ಮಕ್ಕಳನ್ನು ಚುಚ್ಚಲು ಅಳಿಯಕಟ್ಟಿನಷ್ಟು ಒಳ್ಳೆಯ ಸೂಜಿ ಬೇರೆ ಎಲ್ಲಿ ಸಿಗಬೇಕು? ಅವರು ಅದನ್ನು ಬಿಡಲಿಲ್ಲ.

ಅವರು ಇದ್ದದ್ದು ಕಾಪುವಿನಲ್ಲಿ, ಅತ್ತೆಯ ತಾಯಿಯ ಕಡೆಯಿಂದ ಬಂದ ಮನೆಯಲ್ಲಿ. ಅಂಗಳದ ತುದಿಗೆ ನಿಂತರೆ ದೀಪಸ್ತಂಭ ಕಾಣುತ್ತದೆ. ಮೂವತ್ತು ವರ್ಷ ಆ ಮನೆಯಲ್ಲಿ ಉಂಡು, ಉಟ್ಟು, ಮಲಗಿ, "ನಾನು ಇಲ್ಲಿ ನೆಂಟ. ನನ್ನ ಮನೆ ಕಾರ್ಕಳದಲ್ಲಿ ಉಂಟು," ಎನ್ನುತ್ತಿದ್ದರು. ಕಾರ್ಕಳದ ಮನೆ ಎಂದರೆ ನನ್ನ ತಾಯಿ, ನಾನು ಇದ್ದ ಮನೆ. ಅಲ್ಲಿಗೆ ವರ್ಷಕ್ಕೊಮ್ಮೆ ಬಂದು ಕೋಳಿಸಾರು ಉಂಡು ಹೋಗುವುದು ಬಿಟ್ಟರೆ ಅವರ ಕಾಲು ಆ ಕಡೆ ಬೀಳುತ್ತಿರಲಿಲ್ಲ. ಕಾಪುವಿನಲ್ಲಿ ಸಾರಿಗೆ ಉಪ್ಪು ಹೆಚ್ಚಾದರೆ ಅತ್ತೆಗೆ, "ನೆಂಟರಿಗೆ ಹೀಗೆಯಾ ಬಡಿಸುವುದು ನಿಮ್ಮ ಮನೆಯಲ್ಲಿ?" ಎನ್ನುತ್ತಿದ್ದರು. ಅತ್ತೆ ಬಟ್ಟಲು ತೆಗೆದು ಬೇರೆ ಬಟ್ಟಲು ಇಡುತ್ತಿದ್ದರು. ಎದುರು ಮಾತಾಡಿದ್ದನ್ನು ನಾನು ಕಂಡವನಲ್ಲ.

ಅವರ ಮಗ ವಿಠಲ. ನನಗಿಂತ ದೊಡ್ಡವರು, ನನಗೆ ಭಾವ ಆಗಬೇಕು. ಮೆದು ಮನುಷ್ಯ. ಕಾಪು ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರು. ಬಾಯಿ ಮುಚ್ಚಿದ ರೇಡಿಯೋಗಳೆಲ್ಲ ಅವರ ಕೈಯಲ್ಲಿ ಮಾತಾಡುತ್ತಿದ್ದವು, ಅವರು ಮಾತ್ರ ಅಪ್ಪನ ಎದುರು ಮಾತಾಡುತ್ತಿರಲಿಲ್ಲ. ಮಾವ ಯಾರ ಎದುರೂ ಅವರನ್ನು "ನನ್ನ ಮಗ" ಎಂದು ಪರಿಚಯಿಸಿದ್ದಿಲ್ಲ. "ಇವ ಇವನ ಅಮ್ಮನ ಮಗ" ಎನ್ನುತ್ತಿದ್ದರು. ಕೇಳಿದವರು ತಮಾಷೆ ಎಂದು ನಗುತ್ತಿದ್ದರು. ಭಾವನೂ ನಗುತ್ತಿದ್ದರು.

ನನಗೆ ಮೀಸೆ ಚಿಗುರಿದಾಗ ಶೇವ್ ಮಾಡಲು ಕಲಿಸಿದವರು ಮಾವನೇ. ಕಾಪುವಿನ ಮನೆಯ ಜಗಲಿಯಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಹಳೆಯ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಒತ್ತಿ, ಅತ್ತಿತ್ತ ಎಳೆದು ಹರಿತ ಮಾಡುವುದನ್ನು ತೋರಿಸಿದರು. ನೊರೆ ಹಚ್ಚಿದರು. "ಒತ್ತಬೇಡ. ಇದು ಪೇಟೆಯ ತಗಡು ಅಲ್ಲ. ಇದರ ಭಾರವೇ ಸಾಕು, ನೀನು ದಾರಿ ಮಾತ್ರ ತೋರಿಸು," ಎಂದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಮೊದಲು ಕೇಳಿರಲಿಲ್ಲ. ಅಷ್ಟು ಮೆತ್ತಗಿನ ಕೈ ಈ ಮನುಷ್ಯನಿಗೆ ಉಂಟಾ ಎಂದು ಆಶ್ಚರ್ಯವಾಯಿತು. ಆಮೇಲೆ ಒಳಗೆ ತಿರುಗಿ, "ಏ, ಇಲ್ಲಿ ಬಾ. ಕನ್ನಡಿ ಹಿಡಿ," ಎಂದು ಕೂಗಿದರು. ಬಂದವರು ವಿಠಲ ಭಾವ. ಅವರ ಗಡ್ಡ ಆಗಲೇ ಗಟ್ಟಿಯಾಗಿತ್ತು. ಅಪ್ಪ ಅವರಿಗೆ ಕಲಿಸಿರಲಿಲ್ಲ, ಪೇಟೆಯ ಕ್ಷೌರದಂಗಡಿಗೆ ಹೋಗುತ್ತಿದ್ದರು. ನನ್ನ ಎದುರು ಮೊಣಕಾಲೂರಿ ಕನ್ನಡಿ ಹಿಡಿದುಕೊಂಡರು. ಕನ್ನಡಿಯಲ್ಲಿ ನನ್ನ ನೊರೆಯ ಮುಖ, ಕನ್ನಡಿಯ ಮೇಲಂಚಿನಲ್ಲಿ ಅವರ ಎರಡು ಕಣ್ಣು. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಗಲ್ಲ ಹಿಡಿದ ಅಪ್ಪನ ಬೆರಳುಗಳನ್ನು ನೋಡುತ್ತಿದ್ದರು. "ಅಲುಗಿಸಬೇಡ," ಎಂದು ಮಾವ ಗದರಿದ್ದು ಅವರಿಗೆ, ನನಗಲ್ಲ.

ಮುಂದೆ ಭಾವ ತಾವೇ ಪೇಟೆಯಿಂದ ಒಂದು ಅಗ್ಗದ ರೇಜರು ತಂದುಕೊಂಡರು. ಬಚ್ಚಲಿನ ಗೂಡಿನಲ್ಲಿ, ಅಪ್ಪನ ಸೆಟ್ಟಿನ ಪಕ್ಕದಲ್ಲಿ ಇಟ್ಟರು. ಪಕ್ಕದಲ್ಲಿ ಇಟ್ಟದ್ದೇ ತಪ್ಪಾಯಿತು. ಮಾವ ಅದನ್ನು ಎತ್ತಿ ತಿರುಗಿಸಿ ನೋಡಿದರು. ಸೀದಾ ಅಡುಗೆಮನೆಗೆ ಹೋಗಿ, ಅತ್ತೆ ಕೊಯ್ಯಲು ಇಟ್ಟುಕೊಂಡಿದ್ದ ಬೂತಾಯಿ ಮೀನಿನ ಚಿಪ್ಪನ್ನು ಅದರಲ್ಲಿ ಹೆರೆದರು. "ಅಡ್ಡಿಲ್ಲ, ಉಪಯೋಗ ಉಂಟು," ಎಂದು ಹಾಗೆಯೇ ತಂದು ಗೂಡಿನಲ್ಲಿಟ್ಟರು. ತೊಳೆಯಲಿಲ್ಲ. ಭಾವ ಅದನ್ನು ಎಸೆಯಲೂ ಇಲ್ಲ. ಬಿಸಿನೀರು, ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ ಮತ್ತೆ ಅದರಲ್ಲೇ ಶೇವ್ ಮಾಡಿಕೊಂಡರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಇಲಿಗೂ ಓಡಲು ಒಂದು ಬಿಲ ಇರುತ್ತದೆ. ಭಾವನಿಗೆ ಅದೂ ಇರಲಿಲ್ಲ. ಅವರಿಗೆ ಬೇಕಾದದ್ದು ಅಪ್ಪನ ರೇಜರಲ್ಲ, ಅಪ್ಪ ಒಮ್ಮೆ ತನ್ನ ಕೈಯಿಂದ "ತಗೋ ಮಗ" ಎಂದು ಅದನ್ನು ಕೊಡುವುದು. ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಮಾವನಿಗೆ ಗೊತ್ತಿತ್ತು.

ಭಾವನಿಗೆ ಬಜಗೋಳಿಯ ಹುಡುಗಿಯೊಡನೆ ಮದುವೆ ನಿಶ್ಚಯವಾಯಿತು. ದಿಬ್ಬಣ ಹೊರಡುವ ದಿನ ಬೆಳಿಗ್ಗೆ ಮನೆ ತುಂಬ ನೆಂಟರು. ಕರೆದುಕೊಂಡು ಹೋಗಲು ಹೆಣ್ಣಿನ ಸೋದರಮಾವ, ಇನ್ನಿಬ್ಬರು ಹಿರಿಯರು ಬಂದು ಜಗಲಿಯಲ್ಲಿ ಬೆಲ್ಲ ನೀರು ಕುಡಿಯುತ್ತಿದ್ದರು. ಮದುಮಗನ ಮುಖಕ್ಷೌರಕ್ಕೆ ಕ್ಷೌರಿಕನೂ ಬಂದು ಕುಳಿತಿದ್ದ. ಅತ್ತೆ ಒಳಗಿನಿಂದ ಬಂದು, ಸೆರಗು ಹಿಂಡುತ್ತ, ನನಗೆ ಕೇಳಿಸುವಷ್ಟೇ ದನಿಯಲ್ಲಿ ಗಂಡನಿಗೆ ಹೇಳಿದರು:

"ಇವತ್ತೊಂದು ದಿನ ಆ ಸೆಟ್ಟು ಅವನಿಗೆ ಕೊಡಿ. ನಿಮ್ಮ ಕೈಯಿಂದ ಆಗಲಿ. ನಾನು ನಿಮ್ಮ ಹತ್ತಿರ ಈವರೆಗೆ ಏನೂ ಕೇಳಲಿಲ್ಲ."

ಮಾವ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಆ ಪೆಟ್ಟಿಗೆ. ಮೇಲೆ ಕಪ್ಪು ಚರ್ಮ, ಒಳಗೆ ಸವೆದ ನೀಲಿ ಮಖಮಲ್ಲು. ಅತ್ತೆಯ ಮುಖ ಅರಳಿತು. ಜಗಲಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಭಾವ ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದರು. ಮಾವ ಅವರ ಎದುರೇ ಬಂದು ನಿಂತರು. ಪೆಟ್ಟಿಗೆಯನ್ನು ಆ ಕೈಗಳ ಮೇಲಿನಿಂದ ದಾಟಿಸಿ, ಹಿಂದೆ ನಿಂತಿದ್ದ ನನ್ನ ಎದೆಗೆ ಒತ್ತಿದರು.

"ತಗೋ ಅಳಿಯಾ. ನನ್ನ ಮಾವ ನನಗೆ ಕೊಟ್ಟದ್ದು, ನಾನು ನಿನಗೆ. ನಾಲ್ಕು ಜನರ ಎದುರು ಕೊಟ್ಟುಬಿಟ್ಟರೆ ನಾಳೆ ಯಾರ ತಕರಾರೂ ಬೇಡ ಅಲ್ವಾ?" ಹೆಣ್ಣಿನ ಕಡೆಯವರತ್ತ ತಿರುಗಿ ನಗುತ್ತ ಸೇರಿಸಿದರು: "ನಮ್ಮ ಕಟ್ಟಿನಲ್ಲಿ ಮಗ ಅಂತ ಇಲ್ಲ ನೋಡಿ. ಇವ ಇವನ ಅಮ್ಮನ ಮನೆಯವ. ನೀವು ಹೆಣ್ಣು ಕೊಡುವುದೂ ಆ ಮನೆಗೇ, ನನಗಲ್ಲ."

ಭಾವನ ಕೈಗಳು ಗಾಳಿಯಲ್ಲೇ ಉಳಿದವು. ಆಮೇಲೆ ಅವರು ಅವನ್ನು ಮೆಲ್ಲಗೆ ಕೆಳಗಿಳಿಸಿ, ಬಗ್ಗಿ, ಅಪ್ಪನ ಕಾಲು ಮುಟ್ಟಿದರು. ಮೊದಲಿನಿಂದಲೂ ಅದಕ್ಕೇ ಕೈ ಚಾಚಿದ್ದೆ ಎಂಬಂತೆ. ಜಗಲಿಯಲ್ಲಿದ್ದವರಿಗೆ ಉಸಿರು ಬಂತು. ಕ್ಷೌರಿಕ ತನ್ನ ಕತ್ತಿ ತೆಗೆದು ಚರ್ಮದ ಪಟ್ಟಿಗೆ ಮಸೆಯತೊಡಗಿದ. ಅತ್ತೆ ಒಳಗೆ ಹೋದವರು ದಿಬ್ಬಣ ಹೊರಡುವವರೆಗೂ ಹೊರಗೆ ಬರಲಿಲ್ಲ.

ಮದುವೆ ಮುಗಿದ ವಾರದಲ್ಲೇ ನಾನು ಪೆಟ್ಟಿಗೆ ಹಿಡಿದುಕೊಂಡು ಭಾವನ ರೇಡಿಯೋ ಅಂಗಡಿಗೆ ಹೋದೆ. "ತಗೊಳ್ಳಿ ಭಾವ, ಇದು ನಿಮ್ಮದು, ನನಗೆ ಬೇಡ," ಎಂದೆ.

ಅವರು ಬಿಚ್ಚಿಟ್ಟ ರೇಡಿಯೋದಿಂದ ತಲೆ ಎತ್ತಲಿಲ್ಲ. "ನೀನು ಕೊಟ್ಟರೆ ಅದು ನೀನು ಕೊಟ್ಟ ಹಾಗೆ ಆಗುತ್ತದೆ ಮಾರಾಯ. ಅಪ್ಪ ಕೊಟ್ಟ ಹಾಗೆ ಆಗುತ್ತದಾ?" ಎಂದರು. ನಾನು ಪೆಟ್ಟಿಗೆ ಹಿಡಿದುಕೊಂಡು ವಾಪಸು ಬಂದೆ.

ತಮಾಷೆ ಏನೆಂದರೆ, ಎದುರಿನವನಿಗೆ ಅಪಶಕುನವಾಗಲಿ ಎಂದು ತನ್ನ ಮೂಗನ್ನೇ ಕೊಯ್ದುಕೊಂಡವನ ಹಾಗೆ ಆಯಿತು ಮಾವನ ಕತೆ. ಮಗನನ್ನು ನಾಲ್ಕು ಜನರ ಎದುರು ಸಣ್ಣವನನ್ನಾಗಿ ಮಾಡುವ ಆತುರದಲ್ಲಿ ತನ್ನ ಮುಖಕ್ಕೆ ಬೇಕಾದ ರೇಜರನ್ನೇ ದಾನ ಮಾಡಿಬಿಟ್ಟರು. ವಾಪಸು ಕೇಳಲು ಜಂಬ ಬಿಡಬೇಕಲ್ಲ! ಮಗ ಕೊಂಡಂಥದೇ ಒಂದು ಅಗ್ಗದ್ದನ್ನು ತಂದುಕೊಂಡರು. ಕೈಗೆ ಹಿಡಿಯದ ಹಗುರ ವಸ್ತು. ಗಲ್ಲದ ಮೇಲೆ ದಿನಾ ಒಂದೆರಡು ಗಾಯ, ಅದಕ್ಕೆ ಪೇಪರಿನ ಚೂರು ಅಂಟಿಸಿಕೊಂಡು ಡ್ಯೂಟಿಗೆ ಬರುತ್ತಿದ್ದರು. ಸಾಲಿನಲ್ಲಿ ನಿಂತ ನಾವು ಆ ಚೂರುಗಳನ್ನು ನೋಡುತ್ತಿದ್ದೆವು. ಅವರು ನಮ್ಮ ಕೆನ್ನೆ ಸವರುತ್ತಿದ್ದರು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಆದರೆ ಎಲ್ಲರ ಹೊಟ್ಟೆಯೂ ತಣ್ಣಗಾಗಿತ್ತು.

ನಾನು ಆ ಸೆಟ್ಟನ್ನು ಬಳಸಿದೆ. ಯಾಕೆ ಸುಳ್ಳು ಹೇಳಲಿ, ಅಂಥ ವಸ್ತು ಮತ್ತೆ ಸಿಗುವುದಿಲ್ಲ. ಕಂಡಕ್ಟರ್ ಕೆಲಸ ಬಿಟ್ಟು ಮಣಿಪಾಲದ ಒಂದು ಪ್ರೆಸ್ಸಿಗೆ ಸೇರಿದ ಮೇಲೂ ದಿನಾ ಬೆಳಿಗ್ಗೆ ಅದೇ. ಮುಚ್ಚಿದ ಮೇಲೆ ಬುಡವನ್ನು ಕೂದಲಿನಷ್ಟು ಹಿಂದಕ್ಕೆ ತಿರುಗಿಸಿದರೆ ಅದು ಚರ್ಮದ ಮೇಲೆ ಜಾರುವ ರೀತಿಯೇ ಬೇರೆ. ಅದನ್ನು ತೋರಿಸಿಕೊಟ್ಟದ್ದು ಮಾವನೇ. ಶೇವ್ ಮಾಡಿಕೊಳ್ಳುವಾಗ ಅವರನ್ನು ಬೈಯುತ್ತಿದ್ದೆ, ಮಾಡಿಕೊಂಡಾದ ಮೇಲೆ ಕೆನ್ನೆ ಸವರಿ ಖುಷಿಪಡುತ್ತಿದ್ದೆ.

ಮಾವ ನಿವೃತ್ತರಾದರು. ಕೆನ್ನೆಗಳು ಕೈತಪ್ಪಿದ ಮೇಲೆ ಮನೆಯವರ ಮೇಲೆ ಕೈಮಾಡುವುದೊಂದೇ ಬಾಕಿ, ಬಾಯಿಯಂತೂ ಬಿಡುವು ಕೊಡಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ದಿನ ಬಚ್ಚಲಿನಲ್ಲಿ ಬಿದ್ದರು. ಪಾರ್ಶ್ವವಾಯು. ಮಣಿಪಾಲದಲ್ಲಿ ಆಸ್ಪತ್ರೆಗೆ ಸೇರಿಸಿದರು, ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ನಾಲಗೆಯಲ್ಲಿ ಕಲಸಿಹೋಯಿತು. ಊರಿನವರು, "ದೇವರು ಸರಿಯಾದ ಜಾಗಕ್ಕೇ ಹೊಡೆದ," ಎಂದರು. ನಾನೂ ಇಲ್ಲವೆನ್ನಲಿಲ್ಲ.

ಕಾಪುವಿನ ಮನೆಯಲ್ಲಿ ಅತ್ತೆ ಗಂಜಿ ಉಣಿಸಿದರು. ಭಾವ ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಹೇಲು ಉಚ್ಚೆ ತೆಗೆದರು. ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಆದರೆ ಗಡ್ಡವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕ್ಷೌರಿಕನನ್ನೂ ಕರೆಸಲಿಲ್ಲ. ಬಿಳಿಗಡ್ಡ ಮೊದಲು ಮುಳ್ಳು ಮುಳ್ಳಾಗಿ, ಆಮೇಲೆ ಗಂಟು ಗಂಟಾಗಿ ಕುತ್ತಿಗೆಗಿಳಿಯಿತು. ಗಂಜಿಯ ಅಗುಳು ಅದರಲ್ಲಿ ಸಿಕ್ಕಿ ಒಣಗುತ್ತಿತ್ತು. ಮಾವ ಎಡಗೈಯಲ್ಲಿ ಗಲ್ಲ ತೋರಿಸಿ ತೋರಿಸಿ ಏನೋ ಕೂಗುತ್ತಿದ್ದರಂತೆ. "ಎಂತ ಬೇಕು ಇವರಿಗೆ, ಗೊತ್ತಾಗುವುದಿಲ್ಲ," ಎನ್ನುತ್ತಿದ್ದರಂತೆ ಅತ್ತೆ. ಮೂವತ್ತು ವರ್ಷ ಗಂಡನ ಕಣ್ಸನ್ನೆಯಲ್ಲೇ ಅಡುಗೆ ಮಾಡಿದ ಹೆಂಗಸಿಗೆ ಅದು ಗೊತ್ತಾಗಲಿಲ್ಲ ಎಂದರೆ ನಾನು ನಂಬಲಾರೆ.

ಬಾಬು ಒಮ್ಮೆ ನೋಡಲು ಹೋಗಿದ್ದನಂತೆ. ಅವನೇ ನನಗೆ ಹೇಳಿದ್ದು. ಕಿತ್ತಳೆಹಣ್ಣು ಮಂಚದ ತಲೆದೆಸೆಯಲ್ಲಿಟ್ಟು, ಬೆರಳ ಹಿಂಬದಿಯಿಂದ ಆ ಗಡ್ಡವನ್ನು ಕೆಳಗಿನಿಂದ ಮೇಲಕ್ಕೆ ಸವರಿ, "ಇವತ್ತು ಡ್ಯೂಟಿ ಇಲ್ಲ ಸರ್," ಎಂದನಂತೆ. ಮಾವನ ಕಣ್ಣಿನಲ್ಲಿ ನೀರು ಬಂತಂತೆ. "ಮನೆಗೆ ಬಂದು ನನ್ನ ಹೆಂಡತಿಗೂ ಹೇಳಿದೆ. ಆ ದಿನ ಅವಳು ಪಾಯಸ ಮಾಡಿದಳು ಮಾರಾಯ," ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಕೊನೆಗೆ ಮಾವ ಅಕ್ಕಪಕ್ಕದ ಯಾರಿಗೋ ಸನ್ನೆಯಲ್ಲೇ ತಿಳಿಸಿ ನನಗೆ ಹೇಳಿ ಕಳಿಸಿದರು. ಅಳಿಯ ಬರಬೇಕು, ಸೆಟ್ಟು ತರಬೇಕು. ಒಂದು ಭಾನುವಾರ ಮಧ್ಯಾಹ್ನ ಹೋದೆ. ಜಗಲಿಯ ಮಂಚದ ಮೇಲೆ ಗಡ್ಡದ ಹಿಂದೆ ಕುಳಿತಿದ್ದರು. ನನ್ನ ಕೈಯಲ್ಲಿ ಪೆಟ್ಟಿಗೆ ಕಂಡದ್ದೇ ಎಡಗೈ ಎತ್ತಿ ಗಲ್ಲ ಮೇಲೆ ಮಾಡಿದರು.

ನನಗೆ ಅಲ್ಲಿ ಒಂದು ಆಸೆ ಹುಟ್ಟಿತು. ಇಷ್ಟೆಲ್ಲ ಆದ ಮೇಲಾದರೂ ಮನುಷ್ಯ ಮೆತ್ತಗಾಗಿರಬಹುದು, ಅಪ್ಪ ಮಗನ ನಡುವೆ ಇದೊಂದು ಸರಿಯಾಗಲಿ ಎಂದು ಪೆಟ್ಟಿಗೆಯನ್ನು ವಿಠಲ ಭಾವನ ಕೈಯಲ್ಲಿಟ್ಟೆ. "ನೀವೇ ಮಾಡಿ ಭಾವ. ಅವರಿಗೂ ಬೇಕು, ನಿಮಗೂ ಬೇಕು," ಎಂದೆ. ಭಾವ ನನ್ನನ್ನೇ ನೋಡಿದರು. ಆಮೇಲೆ ಕತ್ತರಿ ತಂದು ಅಪ್ಪನ ಗಡ್ಡದ ಉದ್ದವನ್ನು ಕತ್ತರಿಸಲು ಮುಂದಾದರು, ಮಾವ ತಡೆಯಲಿಲ್ಲ. ಕತ್ತರಿಸಿ ಆಯಿತು. ಭಾವ ಬಿಸಿನೀರು ತಂದರು, ಹೊಸ ಬ್ಲೇಡ್ ಹಾಕಿದರು, ಬಟ್ಟಲಿನಲ್ಲಿ ಸೋಪಿನ ನೊರೆ ಎಬ್ಬಿಸಿದರು. ಬ್ರಶ್ಶನ್ನು ಅಪ್ಪನ ಕೆನ್ನೆಯ ಹತ್ತಿರ ತಂದು, "ಅಪ್ಪಾ, ನಾನು ಮಾಡಲಾ?" ಎಂದು ಕೇಳಿದರು.

ಮಾವ ಮುಖವನ್ನು ಗೋಡೆಗೆ ತಿರುಗಿಸಿದರು. ಮೂರು ತಿಂಗಳಿಂದ ಒಂದು ಶಬ್ದವೂ ನೆಟ್ಟಗೆ ಹೊರಡದ ಆ ಬಾಯಿಯಿಂದ ಸ್ಪಷ್ಟವಾಗಿ, ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಎನ್ನುವಷ್ಟು ಸ್ಪಷ್ಟವಾಗಿ ಒಂದು ಮಾತು ಬಂತು:

"ಅಳಿಯ."

ಭಾವ ಬ್ರಶ್ಶನ್ನು ಬಟ್ಟಲಿನಲ್ಲಿಟ್ಟರು. ಎದ್ದರು. ಕಂಬಕ್ಕೆ ತೂಗುಹಾಕಿದ್ದ ಕನ್ನಡಿಯನ್ನು, ಮಂಚದಿಂದ ಕಾಣುವ ಹಾಗೆ, ತಿರುಗಿಸಿದರು. ಅದೇ ನೊರೆಯನ್ನು ತಮ್ಮ ಮೂಗಿನ ಕೆಳಗೆ ಹಚ್ಚಿಕೊಂಡರು. ಅಪ್ಪನ ಸೆಟ್ಟಿನಿಂದ, ಒತ್ತದೆ, ನಿಧಾನವಾಗಿ, ತಮ್ಮ ದಪ್ಪ ಮೀಸೆಯನ್ನು ತೆಗೆದರು.

ಅತ್ತೆ ಒಳಗಿನಿಂದ ಓಡಿಬಂದರು. "ಅಯ್ಯೋ ದೇವರೇ! ಎಂತ ಮಾಡಿದೆ ನೀನು! ಅಪ್ಪ ಬದುಕಿರುವಾಗ ಯಾರಾದರೂ ಮೀಸೆ ತೆಗೆಯುತ್ತಾರಾ? ಅಪ್ಪ ಸತ್ತವರು ಮಾಡುವ ಕೆಲಸ ಅದು!"

"ಹೌದು," ಎಂದರು ಭಾವ. ಟವೆಲಿನಿಂದ ಮುಖ ಒರೆಸಿಕೊಂಡು, ರೇಜರನ್ನು ತೊಳೆದು ನನ್ನ ಕೈಗೆ ಕೊಟ್ಟರು.

ಮಾವ ಗೋಡೆಯಿಂದ ಮುಖ ತಿರುಗಿಸಿ ನೋಡುತ್ತಿದ್ದರು. ಆ ಮನುಷ್ಯನ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ಅತ್ತೆ ಎದೆ ಬಡಿದುಕೊಳ್ಳಲು ಎತ್ತಿದ ಕೈಯನ್ನು ಇಳಿಸಿದರು. ಮಗನ ಬೋಳು ತುಟಿಯನ್ನು ನೋಡಿದರು, ಗಂಡನನ್ನು ನೋಡಿದರು. ಆಮೇಲೆ ಮೀನಿನವಳಿಗೆ ಇವತ್ತು ಬೇಡ ಎನ್ನುವಷ್ಟು ಸಾಧಾರಣ ದನಿಯಲ್ಲಿ ನನಗೆ ಹೇಳಿದರು:

"ರೇಜರು ಅಳಿಯನಿಗೆ ಅಂತ ಇವರೇ ನಾಲ್ಕು ಜನರ ಎದುರು ಹೇಳಿದ್ದಲ್ವಾ? ರೇಜರು ಅಳಿಯನಿಗೆ ಆದರೆ ಗಡ್ಡವೂ ಅಳಿಯನಿಗೇ. ಕರಕೊಂಡು ಹೋಗು ಮಾರಾಯ. ನೆಂಟರು ಬಂದು ಬಹಳ ದಿನ ಆಯಿತು."

ಅತ್ತೆ ಆಗಲೇ ಒಳಗೆ ಹೋಗಿ ಮಾವನ ಪಂಚೆ, ಬನಿಯನ್ನು, ಮಾತ್ರೆಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದರು. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಅವರಿಗೆ ಕೈಜೋಡಿಸಿದಳು. ಭಾವ ಪೇಟೆಗೆ ಹೋಗಿ ಕಾರು ಹೇಳಿಬಂದರು. ಕಾರು ಬರುವಷ್ಟರಲ್ಲಿ ನಾನು ಮಾವನ ಗಡ್ಡ ತೆಗೆದೆ. ಅಷ್ಟು ದಿನ ಕೇಳಿ ಕೇಳಿ ಸೋತ ಶೇವ್ ಅದು. ಅವರು ಗಲ್ಲ ಎತ್ತಲಿಲ್ಲ. ನಾನೇ ಎತ್ತಿ ಹಿಡಿಯಬೇಕಾಯಿತು. ಎಡಗೈಯಲ್ಲಿ ಮಂಚದ ಪಟ್ಟಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಎತ್ತಿಕೊಂಡು ಹೋಗುವಾಗ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವರು ಅತ್ತೆ.

ಕಾರಿನ ಡ್ರೈವರ್ ಹೊಸಬ, ಉಡುಪಿ ಕಡೆಯವನು. ಭಾವ ಅಪ್ಪನನ್ನು ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ ಕೂರಿಸಿ, ಬೀಳದ ಹಾಗೆ ದಿಂಬು ಕೊಟ್ಟು, ಸತ್ತ ಕಾಲನ್ನು ಎತ್ತಿ ಒಳಗಿಟ್ಟು, ಬಾಗಿಲು ಹಾಕಿದರು. ಮಾವ ಕಿಟಕಿಯಿಂದ ಎಡಗೈ ಹೊರಗೆ ಹಾಕಿ ಮಗನ ಅಂಗಿಯ ತುದಿಯನ್ನು ಹಿಡಿದರು. "ಮ... ಮ..." ಎಂದರು. ಮುಂದಿನ ಅಕ್ಷರ ಬರಲಿಲ್ಲ. ಭಾವ ಅಂಗಿಯನ್ನು ಬಿಡಿಸಿಕೊಂಡು ಆ ಕೈಯನ್ನು ಅವರ ಮಡಿಲಲ್ಲಿಟ್ಟರು.

ಡ್ರೈವರ್ ಗಾಡಿ ಸ್ಟಾರ್ಟ್ ಮಾಡುವಾಗ ಭಾವನ ಮುಖ ನೋಡಿದ. ಕಪ್ಪು ಮುಖದಲ್ಲಿ ಮೂಗಿನ ಕೆಳಗೆ ಮಾತ್ರ ಬೆಳ್ಳಗಿನ ಹಸಿ ಪಟ್ಟಿ. ನಮ್ಮ ಕಡೆ ಅಂಥ ಮುಖ ಕಂಡರೆ ಕೇಳಬೇಕಾದದ್ದನ್ನು ಅವನು ತಗ್ಗಿದ ದನಿಯಲ್ಲಿ, ಮರ್ಯಾದೆಯಿಂದಲೇ ಕೇಳಿದ:

"ಅಪ್ಪ ಹೋದದ್ದು ಯಾವಾಗ ಮಾರ್ರೆ?"

"ಈಗ ಹೋಗ್ತಾ ಇದ್ದಾರೆ," ಎಂದರು ಭಾವ. "ಗಾಡಿ ಬಿಡಿ."

ಡ್ರೈವರನಿಗೆ ಅರ್ಥವಾಗಲಿಲ್ಲ. ಮಾವನಿಗೆ ಅರ್ಥವಾಯಿತು.